ಹಣಿಗೆಯ ಮೇಲಿನ ಬೀವರ್

ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಕಲೆ ಎಂದೊಡನೆ ಮುಗಿಲೆತ್ತರದ ಕುಲಸ್ತಂಭಗಳೇ ಕಣ್ಣಮುಂದೆ ನಿಲ್ಲುತ್ತವೆ. ಅಲ್ಲಿನ ಹೈಡಾ ಮತ್ತು ಟ್ಲಿಂಗಿಟ್ ಜನರು ಅವೇ ಆಕೃತಿಗಳನ್ನು ಮರದ ಪುಟ್ಟ ಹಣಿಗೆಗಳ ಮೇಲೂ ಕೆತ್ತಿದರು. ಹೈಡಾಗಳ ನೆಲೆ ಕೆನಡಾದ ಹೈಡಾ ಗ್ವಾಯ್ ದ್ವೀಪಗಳು. ಟ್ಲಿಂಗಿಟರದು ಅದರ ಉತ್ತರಕ್ಕಿರುವ ಆಗ್ನೇಯ ಅಲಾಸ್ಕ.

ಹಣಿಗೆಯ ಹಲ್ಲು ಮುರಿಯದಿರಬೇಕಾದರೆ ಮರದ ಎಳೆಗಳ ಜಾಡಿನಲ್ಲೇ ಇಳಿಯಬೇಕು. ಹಲ್ಲು ಬಿಡಿಸಿದ ಮೇಲೆ ಉಳಿಯುವ ಹಿಡಿಯಷ್ಟೇ ಕೆತ್ತನೆಗಾರನಿಗೆ ದಕ್ಕುವ ಜಾಗ. ಪ್ರಾಣಿಯ ಕಣ್ಣು, ಕಿವಿ, ಪಂಜ, ಬಾಲಗಳೆಲ್ಲ ಅಷ್ಟರಲ್ಲೇ ಅಡಕವಾಗಬೇಕು. ಉಬ್ಬುತ್ತ, ತೆಳುವಾಗುತ್ತ ಸಾಗಿ ಇವನ್ನೆಲ್ಲ ಬೆಸೆಯುವ ರೇಖೆಯನ್ನು ವಿದ್ವಾಂಸ ಬಿಲ್ ಹೋಲ್ಮ್ 1965ರ ತಮ್ಮ ಗ್ರಂಥದಲ್ಲಿ ‘ಫಾರ್ಮ್‌ಲೈನ್’ ಎಂದು ಕರೆದರು. ಅಂದಹಾಗೆ, ಟ್ಲಿಂಗಿಟ್ ಶಾಮನನಿಗೆ ಹಣಿಗೆಯೇ ವರ್ಜ್ಯ. ಅವನ ಶಕ್ತಿ ಕೂದಲಲ್ಲಿ ನೆಲೆಸಿದೆಯೆಂಬ ನಂಬಿಕೆಯಿಂದ ಅದನ್ನು ಕತ್ತರಿಸುವಂತಿರಲಿಲ್ಲ, ಬಾಚುವಂತೆಯೂ ಇರಲಿಲ್ಲ.

ಹಣಿಗೆಯ ಮೇಲಿನ ಕುಲಲಾಂಛನ ಬರಿಯ ಅಲಂಕಾರವಲ್ಲ, ಆಸ್ತಿ. ಎರಡೂ ಸಮಾಜಗಳಲ್ಲಿ ಎರಡೆರಡು ಪಾಲುಗಳಿವೆ. ಒಂದು ರೇವನ್ ಎಂಬ ದೊಡ್ಡ ಕಾಗೆಯದು, ಇನ್ನೊಂದು ಹದ್ದಿನದು; ಟ್ಲಿಂಗಿಟರು ಎರಡನೆಯದನ್ನು ತೋಳದ ಪಾಲೆಂದೂ ಕರೆಯುತ್ತಾರೆ. ಸಂಪ್ರದಾಯದಂತೆ ಒಂದೇ ಪಾಲಿನೊಳಗೆ ಮದುವೆಯಿಲ್ಲ; ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ. ತುಳುನಾಡಿನ ಬಳಿ, ಅಳಿಯಕಟ್ಟುಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರರ ಲಾಂಛನವನ್ನು ಹಕ್ಕಿಲ್ಲದೆ ಬಳಸುವುದು ದೊಡ್ಡ ಅಪರಾಧ.

ತೊಡಕಿರುವುದು ಇಲ್ಲಿಯೇ. ಹೈಡಾಗಳಲ್ಲಿ ಬೀವರ್ ಹದ್ದಿನ ಪಾಲಿನವರ ಲಾಂಛನ, ಓರ್ಕಾ ತಿಮಿಂಗಿಲ ಕಾಗೆಯವರದು. ಟ್ಲಿಂಗಿಟರಲ್ಲಿ ಇದು ತಿರುವುಮುರುವು: ಬೀವರ್ ಲಾಂಛನದ ದೇಶೀತಾನ್ ಕುಲ ಕಾಗೆಯ ಪಾಲಿನದು, ಓರ್ಕಾ ಎದುರು ಪಾಲಿನದು. ಆದ್ದರಿಂದ ಯಾವ ಮನೆಯದೆಂದು ತಿಳಿಯದ ಹಣಿಗೆಯನ್ನು ಅಂದವೆಂದು ಮೆಚ್ಚಬಹುದೇ ಹೊರತು ಓದಲಾಗದು. 1862ರ ಸಿಡುಬಿನ ಬಳಿಕ ಹೈಡಾಗಳ ಊರೂರುಗಳೇ ಬರಿದಾದವು. ಸಾವಿರಾರು ಮಂದಿಯಿದ್ದ ಜನಾಂಗ ಶತಮಾನ ಮುಗಿಯುವಷ್ಟರಲ್ಲಿ ಸಾವಿರಕ್ಕೂ ಕೆಳಗಿಳಿಯಿತು. ಅದೇ ದಶಕಗಳಲ್ಲಿ ಸಂಗ್ರಾಹಕರು ವಸ್ತುಗಳನ್ನು ಹೊರಸಾಗಿಸಿದರು. ವಸ್ತುಸಂಗ್ರಹಾಲಯಗಳಲ್ಲಿರುವ ಎಷ್ಟೋ ಹಣಿಗೆಗಳ ಪಕ್ಕದಲ್ಲಿ ಇಂದು ಜನಾಂಗದ ಹೆಸರಿದೆ, ಮನೆತನದ ಹೆಸರಿಲ್ಲ.

ಹಲವರು ಕಂಡ ವಸ್ತುವಾದರೆ ನೆನಪಿನಲ್ಲಿ ಉಳಿದೀತು. 1882ರಲ್ಲಿ ಅಮೆರಿಕದ ನೌಕಾಪಡೆ ಟ್ಲಿಂಗಿಟರ ಅಂಗೂನ್ ಗ್ರಾಮವನ್ನು ಸುಟ್ಟಾಗ ಉಳಿದ ದೋಣಿಯೊಂದರ ಮೂತಿಯಲ್ಲಿ ಬೀವರ್ ಕೆತ್ತನೆಯಿತ್ತು. ಆ ಮೂತಿ ಮುಂದೆ ಕಣ್ಮರೆಯಾಯಿತು. 1999ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಉಗ್ರಾಣಕ್ಕೆ ಬಂದ ಟ್ಲಿಂಗಿಟ್ ಹಿರಿಯರು ಅದನ್ನು ಗುರುತಿಸಿದರು. ಅದು ಅಂಗೂನಿಗೆ ಮರಳಿತು. ಒಬ್ಬಳ ಪೆಟ್ಟಿಗೆಯಲ್ಲಿದ್ದ ಹಣಿಗೆಯನ್ನು ಹಾಗೆ ಗುರುತಿಸಬಲ್ಲವರು ಅವಳ ಮನೆಯವರು ಮಾತ್ರ.