ಪೊಲೀಸರ ಮುಂದೆ ಕೊಟ್ಟ ಒಪ್ಪಿಗೆ

"ಎಲ್ಲಾ ತಿಳಿದೇ ಒಪ್ಪಿದ್ದಾರೆ, ಮತ್ತೆ ಅಪರಾಧ ಎಲ್ಲಿಂದ ಬಂತು?" ಈ ವಾದ ಕೇಳೋಕೆ ಚೆನ್ನಾಗೇ ಇದೆ. ಆದರೆ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ಇದನ್ನ ನಿಜವಾಗಿಯೂ ಜಾರಿಗೆ ತಂದು ನೋಡಿತ್ತು, ಅದೂ ಸತಿ ಪದ್ಧತಿಯ ವಿಷಯದಲ್ಲಿ.

ಪೂರ್ತಿ ನಿಷೇಧಿಸಿದರೆ ಧರ್ಮಕ್ಕೆ ಕೈ ಹಾಕಿದ ಹಾಗಾಗುತ್ತೆ ಅನ್ನೋ ಭಯ ಕಂಪನಿಗೆ. ಹಾಗಾಗಿ 1813ರಲ್ಲಿ ಒಂದು ನಡುದಾರಿ ಹುಡುಕಿತು. ವಿಧವೆ ತಾನಾಗಿಯೇ ಒಪ್ಪಿರಬೇಕು. ತೀರಾ ಎಳೆಯ ಹುಡುಗಿಯಾಗಿರಬಾರದು, ಗರ್ಭಿಣಿಯಾಗಿರಬಾರದು, ಮತ್ತು ಬರಿಸೋ ಪದಾರ್ಥ ಕೊಟ್ಟಿರಬಾರದು. ಇದನ್ನೆಲ್ಲ ಪೊಲೀಸರು ವಿಚಾರಿಸಿ ಖಾತ್ರಿ ಮಾಡಿಕೊಳ್ಳಬೇಕು. ಇವತ್ತು ಆಪರೇಷನ್‌ಗೆ ಮುಂಚೆ ಸಹಿ ಹಾಕಿಸಿಕೊಳ್ತಾರಲ್ಲ, ಹೆಚ್ಚುಕಮ್ಮಿ ಆ ಥರ.

ಆಮೇಲೇನಾಯ್ತು? ಬಂಗಾಳ ಪ್ರೆಸಿಡೆನ್ಸಿಯ ಲೆಕ್ಕದಲ್ಲಿ 1815ರಲ್ಲಿ 378 ಸತಿಗಳು, 1818ರಲ್ಲಿ 839. ಲೆಕ್ಕ ಇಡೋದು ಬಿಗಿಯಾಗಿದ್ದರಿಂದ, ಆಗಿನ ಕಾಲರಾದಿಂದಲೂ ಸಂಖ್ಯೆ ಏರಿರಬಹುದು, ನಿಜ. ಆದರೆ ಪೊಲೀಸರೇ ಪಕ್ಕದಲ್ಲಿ ನಿಂತಿದ್ದರೆ ಊರಿನವರು ಏನಂದುಕೊಳ್ತಾರೆ? ಸರ್ಕಾರದ ಪರ್ಮಿಷನ್ ಇದೆ ಅಂತಲೇ ತಾನೆ! ಕಂಪನಿಯ ಅಧಿಕಾರಿಗಳಲ್ಲೇ ಕೆಲವರು ಈ ಮಾತು ಎತ್ತಿದ್ದರು.

ಇನ್ನು ಆ ಒಪ್ಪಿಗೆಯ ಹಿಂದೆ ಏನಿತ್ತು ಅಂತಲೂ ನೋಡಬೇಕು. ಬಂಗಾಳದಲ್ಲಿ ನಡೀತಿದ್ದ ದಾಯಭಾಗ ಪದ್ಧತಿಯಲ್ಲಿ, ಗಂಡುಮಕ್ಕಳಿಲ್ಲದ ವಿಧವೆಗೆ ಬದುಕಿರೋ ತನಕ ಗಂಡನ ಆಸ್ತಿಯ ಮೇಲೆ ಹಕ್ಕಿತ್ತು. ಅವಳು ಹೋದರೆ ಅದು ಯಾರಿಗೆ ಸೇರುತ್ತೆ ಅನ್ನೋದು ಸುತ್ತ ನಿಂತಿದ್ದ ನೆಂಟರಿಗೆ ಚೆನ್ನಾಗಿ ಗೊತ್ತಿತ್ತು. ಬದುಕಿ ಉಳಿದರೆ ಕಾದಿದ್ದದ್ದು ವೈಧವ್ಯದ ಕಟ್ಟುಪಾಡು, ನೆಂಟರ ಹಂಗು. "ಒಪ್ಪಿದ್ದೀಯಾ?" ಅಂತ ಕೇಳೋಕೆ ನಿಯಮವಿತ್ತು. "ಒಪ್ಪದಿದ್ದರೆ ಎಲ್ಲಿ ಇರ್ತೀಯಮ್ಮ?" ಅಂತ ಕೇಳೋ ನಿಯಮ ಇರಲಿಲ್ಲ.

1829ರ ಡಿಸೆಂಬರ್ 4ರಂದು ಬೆಂಟಿಂಕ್ ತಂದ ಕಾನೂನು ಆ ಮೊದಲ ಪ್ರಶ್ನೆಯನ್ನೇ ಕೈಬಿಟ್ಟಿತು. ಅವಳು ತಾನಾಗಿ ಹೋಗಿರಲಿ, ಬಲವಂತಕ್ಕೆ ಹೋಗಿರಲಿ, ನೆರವಾದವರು ನರಹತ್ಯೆಯ ಅಪರಾಧಿಗಳು. ಹೆಣ್ಣಿನ ಮಾತಿಗೆ ಬೆಲೆಯೇ ಇಲ್ಲವಾ ಅಂತ ಯಾರಾದರೂ ಕೇಳಿದರೆ, ಆ ಆಕ್ಷೇಪವನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಆದರೂ ನಾನು ಬೆಂಟಿಂಕ್ ಕಡೆಗೇ. ಆ ಕಾನೂನು ಕಣ್ಣಿಟ್ಟಿದ್ದು ಚಿತೆ ಒಟ್ಟಿದವರ ಮೇಲೆ, ಅವಳ ಮನಸ್ಸಿನ ಮೇಲಲ್ಲ.

ಹಾಗಂತ ನಮ್ಮ ಕಾನೂನು ಒಪ್ಪಿಗೆಯನ್ನ ಪೂರ್ತಿ ಕಸದಬುಟ್ಟಿಗೆ ಹಾಕಲಿಲ್ಲ. 1860ರ ದಂಡಸಂಹಿತೆಯ 87ನೇ ಕಲಮು ಕತ್ತಿವರಸೆಯ ಉದಾಹರಣೆ ಕೊಡುತ್ತೆ: ಇಬ್ಬರು ಮೋಜಿಗೆ ಅಂತ ಒಪ್ಪಿ ಆಡುವಾಗ, ಮೋಸವಿಲ್ಲದ ಆಟದಲ್ಲಿ ಏಟು ಬಿದ್ದರೆ ಅಪರಾಧವಲ್ಲ. ಆದರೆ 18 ದಾಟಿದವರು ಒಪ್ಪಿದರು ಅಂತ ಅವರನ್ನ ಕೊಂದರೆ? ಅದು ಕೊಲೆ ಅನ್ನಿಸಿಕೊಳ್ಳಲ್ಲ, ಶಿಕ್ಷಾರ್ಹ ನರಹತ್ಯೆಯಾಗಿ ಉಳಿಯುತ್ತೆ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದು ಹಾಗೇ ಇದೆ.