ಅಡ್ಡ ಪರಿಣಾಮದಿಂದ ಹುಟ್ಟಿದ ಔಷಧಿ

ಬೋಳುತಲೆಗೆ ಮದ್ದು ಹುಡುಕುವ ಕೆಲಸ ಇಂದು ನಿನ್ನೆಯದಲ್ಲ. ಕ್ರಿಸ್ತಪೂರ್ವ 1550ರ ಸುಮಾರಿನ ಈಜಿಪ್ಟಿನ ವೈದ್ಯಗ್ರಂಥ ಎಬರ್ಸ್ ಪಪೈರಸ್, ಸಿಂಹ, ನೀರಾನೆ, ಮೊಸಳೆ, ಬೆಕ್ಕು, ಹಾವುಗಳ ಕೊಬ್ಬನ್ನು ಬೆರೆಸಿ ನೆತ್ತಿಗೆ ಹಚ್ಚಲು ಹೇಳುತ್ತದೆ. ಆಯುರ್ವೇದ ಈ ತೊಂದರೆಯನ್ನು ಖಾಲಿತ್ಯವೆಂದು ಕರೆಯಿತು. ಗರುಗದ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಆದರೆ ಆಧುನಿಕ ವೈದ್ಯರು ಈಗ ಹೆಚ್ಚಾಗಿ ಬರೆದುಕೊಡುವ ಎರಡು ಔಷಧಿಗಳನ್ನು ಯಾರೂ ಕೂದಲಿಗೆಂದು ಹುಡುಕಿದ್ದಲ್ಲ ಎಂಬುದೇ ಸ್ವಾರಸ್ಯ.

ಮೊದಲನೆಯದು ಮಿನಾಕ್ಸಿಡಿಲ್. ಅಮೆರಿಕದ ಅಪ್‌ಜಾನ್ ಕಂಪೆನಿ ಇದನ್ನು ರಕ್ತದೊತ್ತಡ ಇಳಿಸುವ ಮಾತ್ರೆಯಾಗಿ ರೂಪಿಸಿತು. 1970ರ ದಶಕದ ಆರಂಭದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ನಡೆದಾಗ ರೋಗಿಗಳ ಮುಖ, ತೋಳುಗಳ ಮೇಲೆ ಬೇಡದ ಕೂದಲು ಬೆಳೆಯತೊಡಗಿತು. ಇದನ್ನು ಕಂಡ ಚರ್ಮವೈದ್ಯರಾದ ಗುಂಟರ್ ಕಾನ್ ಮತ್ತು ಪಾಲ್ ಗ್ರಾಂಟ್, ಔಷಧಿಯನ್ನು ದ್ರಾವಣವಾಗಿಸಿ ತಮ್ಮ ಮೈಮೇಲೇ ಹಚ್ಚಿ ನೋಡಿದರು. ಮಾತ್ರೆಗೆ 1979ರಲ್ಲಿ ಅನುಮತಿ ದೊರೆತರೆ, ನೆತ್ತಿಗೆ ಹಚ್ಚುವ ದ್ರಾವಣಕ್ಕೆ 1988ರಲ್ಲಿ ದೊರೆಯಿತು. ಒಬ್ಬರಿಗೆ ಅಡ್ಡ ಪರಿಣಾಮವಾಗಿದ್ದುದು ಇನ್ನೊಬ್ಬರಿಗೆ ಔಷಧಿಯಾಯಿತು.

ಎರಡನೆಯದರ ಹಿನ್ನೆಲೆ ಇನ್ನೂ ಹಳೆಯದು. ವೃಷಣ ತೆಗೆಸಿಕೊಂಡವರ ತಲೆ ಬೋಳಾಗುವುದಿಲ್ಲವೆಂದು ಗ್ರೀಸಿನ ಹಿಪ್ಪೊಕ್ರೆಟಿಸ್‌ನ ಹೆಸರಿನ ಗ್ರಂಥಗಳು ಗುರುತಿಸಿದ್ದವು. ಗಂಡು ಹಾರ್ಮೋನಿಗೂ ಬೋಳುತಲೆಗೂ ನಂಟಿದೆಯೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದರು. 1974ರಲ್ಲಿ ಜೂಲಿಯಾನ್ ಇಂಪರಾಟೊ ಮೆಕ್‌ಗಿನ್ಲಿ ಮತ್ತು ಸಂಗಡಿಗರು ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ವಿಚಾರ ಪ್ರಕಟಿಸಿದರು. ಅಲ್ಲಿ ಹುಟ್ಟುವಾಗ ಹೆಣ್ಣಿನಂತೆ ಕಾಣುವ ಕೆಲವು ಮಕ್ಕಳು ಹರೆಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಟೆಸ್ಟೊಸ್ಟೆರಾನನ್ನು ಇನ್ನೂ ಪ್ರಬಲವಾದ ಡಿಎಚ್‌ಟಿಯಾಗಿ ಮಾರ್ಪಡಿಸುವ ಕಿಣ್ವದ ಕೊರತೆ ಇದಕ್ಕೆ ಕಾರಣ. ದೊಡ್ಡವರಾದ ಮೇಲೆ ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿಯೇ ಉಳಿಯುತ್ತಿತ್ತು, ತಲೆಯೂ ಬೋಳಾಗುತ್ತಿರಲಿಲ್ಲ. ಈ ಕಿಣ್ವವನ್ನು ತಡೆಯುವ ಫಿನಸ್ಟರೈಡನ್ನು ಮರ್ಕ್ ಕಂಪೆನಿ 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಂ ಮಾತ್ರೆಯಾಗಿ ತಂದಿತು. ಕೂದಲಿಗೆ 1 ಮಿಲಿಗ್ರಾಂ ಮಾತ್ರೆ ಬಂದದ್ದು 1997ರಲ್ಲಿ.

ಆದರೆ ಅಡ್ಡ ಪರಿಣಾಮದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಿನಾಕ್ಸಿಡಿಲ್ ದ್ರಾವಣದಿಂದ ನೆತ್ತಿ ಕೆರೆಯಬಹುದು, ಹೆಂಗಸರ ಮುಖದಲ್ಲಿ ಕೂದಲು ಮೂಡಬಹುದು. ಮೊದಲ ಕೆಲವು ವಾರ ಕೂದಲು ಇನ್ನಷ್ಟು ಉದುರುವುದೂ ಉಂಟು. ಕಡಿಮೆ ಪ್ರಮಾಣದ ಮಾತ್ರೆಯನ್ನೂ ಈಚೆಗೆ ಕೂದಲಿಗಾಗಿ ಕೊಡುತ್ತಾರೆ. ಅದರಿಂದ ಕಾಲು ಊದುವುದು, ಎದೆಬಡಿತ ಹೆಚ್ಚುವುದು ಸಾಧ್ಯವಾದ್ದರಿಂದ ವೈದ್ಯರ ಕಣ್ಗಾವಲು ಬೇಕು. ಫಿನಸ್ಟರೈಡ್ ಕೆಲವು ಗಂಡಸರಲ್ಲಿ ಲೈಂಗಿಕ ಆಸಕ್ತಿ, ಸಾಮರ್ಥ್ಯ ಕುಗ್ಗಿಸುತ್ತದೆ. ಮಾತ್ರೆ ಬಿಟ್ಟ ನಂತರವೂ ತೊಂದರೆ ಮುಂದುವರಿದ ವರದಿಗಳನ್ನು 2012ರಲ್ಲಿ ಅಮೆರಿಕದಲ್ಲಿ ಔಷಧಿಯ ಮಾಹಿತಿ ಪತ್ರಕ್ಕೆ ಸೇರಿಸಲಾಯಿತು. ಆತ್ಮಹತ್ಯೆಯ ಯೋಚನೆಯೂ ಇದರ ಅಡ್ಡ ಪರಿಣಾಮವೆಂದು 2025ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ದೃಢಪಡಿಸಿತು. ಗಂಡು ಭ್ರೂಣಕ್ಕೆ ಹಾನಿಯಾಗಬಹುದಾದ್ದರಿಂದ ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು.

ಎರಡೂ ಔಷಧಿಗಳು ಬಳಸುವಷ್ಟು ದಿನ ಮಾತ್ರ ಫಲ ಕೊಡುತ್ತವೆ; ನಿಲ್ಲಿಸಿದ ಕೆಲವು ತಿಂಗಳಲ್ಲಿ ಗಳಿಸಿದ ಕೂದಲು ಹೋಗುತ್ತದೆ. ಅಂದು ರಕ್ತದೊತ್ತಡದ ರೋಗಿ ಜೀವ ಉಳಿಯಲೆಂದು ಬೇಡದ ಕೂದಲನ್ನು ಸಹಿಸಿದ. ಇಂದು ಬೇಕಾದ ಕೂದಲಿಗಾಗಿ ಆರೋಗ್ಯವಂತನೊಬ್ಬ ಬೇಡದ ಪರಿಣಾಮಗಳಿಗೆ ಮೈಯೊಡ್ಡುತ್ತಾನೆ. ವಂಶದಿಂದ ಬರುವ ಬೋಳುತಲೆ ಪ್ರಾಣಾಪಾಯದ ಕಾಯಿಲೆಯಲ್ಲ. ಆದ್ದರಿಂದಲೇ ಈ ಲೆಕ್ಕಾಚಾರವನ್ನು ಅಂಗಡಿಯವನ ಮಾತಿಗಿಂತ ವೈದ್ಯರ ಮುಂದೆ ಕುಳಿತು ಮಾಡುವುದು ಲೇಸು.