ವಾರಾನ್ನದಿಂದ ಬಿಸಿಯೂಟದ ಮೊಟ್ಟೆಯವರೆಗೆ

ಸೋಮವಾರ ವಕೀಲರ ಮನೆ, ಮಂಗಳವಾರ ಅಮಲ್ದಾರರ ಮನೆ, ಬುಧವಾರ ಅಗ್ರಹಾರದ ಮೂಲೆಯ ಅಜ್ಜಿಯ ಮನೆ. ಗುರುವಾರಕ್ಕೆ ಯಾರೂ ಒಪ್ಪಿಲ್ಲ, ಅವತ್ತು ನಲ್ಲಿ ನೀರು. ನೂರು ವರ್ಷದ ಹಿಂದೆ ಹಳ್ಳಿಯಿಂದ ಮೈಸೂರಿಗೋ ಬೆಂಗಳೂರಿಗೋ ಓದಲು ಬಂದ ಬಡ ಬ್ರಾಹ್ಮಣ ಹುಡುಗನ ವೇಳಾಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತಿತ್ತು. ಇದಕ್ಕೆ ವಾರಾನ್ನ ಎಂದು ಹೆಸರು. ಮೇಷ್ಟರ ಕೈಕಾಲು ಹಿಡಿದರೆ ಶಾಲೆಯ ಫೀಸು ಮಾಫಿಯಾದೀತು, ಹಸಿವಿಗೆ ಮಾಫಿ ಎಲ್ಲಿಂದ ಬರಬೇಕು? ಅದಕ್ಕೇ ನಮ್ಮ ಕಡೆ ಬಡ ಮಕ್ಕಳ ಓದಿಗೆ ಸಂದ ದಾನದ ಕಥೆ ಬರೆಯಹೊರಟರೆ ಅದು ಪಾಟಿ ಪುಸ್ತಕಕ್ಕಿಂತ ಹೆಚ್ಚಾಗಿ ಅನ್ನದ ಕಥೆಯೇ ಆಗಿಬಿಡುತ್ತದೆ. ಬಡಿಸುವ ಕೈಗಳು ಕಾಲಕಾಲಕ್ಕೆ ಬದಲಾಗಿವೆ. ಪಂಕ್ತಿಯಲ್ಲಿ ಯಾರು ಕೂರಬಹುದು, ಎಲೆಗೆ ಏನು ಬೀಳಬೇಕು ಎಂಬ ತಕರಾರು ಮಾತ್ರ ಇಂದಿಗೂ ಮುಗಿದಿಲ್ಲ.

ವಾರಾನ್ನವನ್ನು ಈಗ ಕೆಲವರು ಬಹಳ ಮಧುರವಾಗಿ ನೆನೆಯುತ್ತಾರೆ. ಉಂಡವರು ಅಷ್ಟು ಮಧುರವಾಗಿ ಬರೆದಿಲ್ಲ. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಪರರ ಮನೆಯ ಅನ್ನಕ್ಕೆ ಕಾದು ಓದಿದ ಹುಡುಗನ ಸಂಕಟವಿದೆ. ಮನೆಯೊಡತಿಯ ಮುಖ ನೋಡಿಕೊಂಡು ಎರಡನೇ ಸಲ ಸಾರು ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುವ ವಿದ್ಯೆ ಯಾವ ಶಾಲೆಯೂ ಕಲಿಸದ್ದು. ಮೇಲಾಗಿ ಆ ಅಡುಗೆಮನೆಯ ಹೊಸ್ತಿಲು ಒಂದೇ ಜಾತಿಗೆ ತೆರೆದಿತ್ತು. ಉಳಿದವರ ಮಕ್ಕಳು ಪೇಟೆಗೆ ಬಂದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ?

ಇಪ್ಪತ್ತನೇ ಶತಮಾನದ ಮೊದಲ ದಶಕ ಈ ಪ್ರಶ್ನೆಗೆ ಕೊಟ್ಟ ಉತ್ತರ ವಿದ್ಯಾರ್ಥಿ ನಿಲಯ. 1903ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಎದುರು ವರ್ತಕ ಗುಬ್ಬಿ ತೋಟದಪ್ಪನವರು ಧರ್ಮಛತ್ರ ಕಟ್ಟಿಸಿದರು. ಪ್ರಯಾಣಿಕರಿಗೆ ನೆರಳು ಕೊಟ್ಟ ಆ ಧರ್ಮವೇ ಬೆಳೆದು ಓದುವ ಹುಡುಗರಿಗೂ ಸೂರಾಯಿತು. 1904ರಲ್ಲಿ ವೀರಶೈವ ಮಹಾಸಭೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಒಂದೊಂದು ಜನಾಂಗವೂ ತನ್ನ ಹುಡುಗರಿಗಾಗಿ ಹಣ ಕೂಡಿಸಲು ಹೊರಟಿತು. ಇದರ ಹಿಂದೆ ಬರೀ ಕರುಣೆಯಿತ್ತು ಎಂದರೆ ಯಾರೂ ನಂಬಬೇಕಾಗಿಲ್ಲ. ಸರ್ಕಾರಿ ನೌಕರಿ ಇಂಗ್ಲಿಷ್ ಓದಿದವನಿಗೆ, ಇಂಗ್ಲಿಷ್ ಓದು ಪೇಟೆಯಲ್ಲಿ, ಪೇಟೆಯಲ್ಲಿ ನಿಲ್ಲಲು ನೆಲೆಯಿಲ್ಲ. ಲೆಕ್ಕ ಇಷ್ಟು ಸರಳ. 1918ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆ ಎತ್ತಿಕೊಂಡಾಗ, ಆ ಪಾಲು ಕೇಳಲು ಓದಿದ ಹುಡುಗರು ಇರಬೇಕಲ್ಲ ಎಂಬುದು ಎಲ್ಲರಿಗೂ ಹೊಳೆಯಿತು.

ಉತ್ತರ ಕರ್ನಾಟಕದಲ್ಲಿ ಕೈ ಇನ್ನೂ ದೊಡ್ಡದಾಗಿತ್ತು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಹತ್ತು ವರ್ಷ ಕಳೆದು, 1916ರಲ್ಲಿ, ಬೆಳಗಾವಿಯಲ್ಲಿ ಏಳು ಮಂದಿ ಮಾಸ್ತರರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಆಸ್ತಿಯಿದ್ದ ದೇಸಾಯರು ಜಮೀನು ಕೊಟ್ಟರೆ ಇವರು ಕೊಟ್ಟದ್ದು ಸಂಬಳ ಮತ್ತು ಆಯುಷ್ಯ. ಇವರನ್ನು ಜನ ಸಪ್ತರ್ಷಿಗಳೆಂದು ಕರೆದದ್ದು ಸುಮ್ಮನೆ ಅಲ್ಲ. ಆ ಸಂಸ್ಥೆಯ ಬೆಳಗಾವಿಯ ಕಾಲೇಜಿಗೆ ಲಿಂಗರಾಜರ ಹೆಸರೇ ಇದೆ.

ಇನ್ನು ಮಠಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬನನ್ನು 1930ರಲ್ಲಿ ತುಮಕೂರಿನ ಸಿದ್ಧಗಂಗಾ ಮಠ ಉತ್ತರಾಧಿಕಾರಿಯಾಗಿ ಆರಿಸಿಕೊಂಡಿತು. ಹೈಸ್ಕೂಲು ಓದುವಾಗ ಇದೇ ಮಠದ ಅನ್ನ ಉಂಡ ಹುಡುಗ ಆತ. 1941ರಲ್ಲಿ ಮಠದ ಪೂರ್ತಿ ಭಾರ ಹೊತ್ತ ಶಿವಕುಮಾರ ಸ್ವಾಮಿಗಳಿಗೆ ಹಸಿದ ವಿದ್ಯಾರ್ಥಿ ಎಂದರೆ ಯಾರು ಎಂದು ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಆಗ ಮಠದಲ್ಲಿ ಹಣವಿರಲಿಲ್ಲ. ಅವರು ಹಳ್ಳಿಹಳ್ಳಿ ತಿರುಗಿ ಭಿಕ್ಷೆ ಎತ್ತಿದರು. ಸುಗ್ಗಿ ಮುಗಿದ ಮೇಲೆ ರೈತರು ರಾಗಿ, ತೆಂಗಿನಕಾಯಿ, ಬೆಲ್ಲವನ್ನು ಗಾಡಿಯಲ್ಲಿ ಹೇರಿಕೊಂಡು ಮಠಕ್ಕೆ ತಂದು ಸುರಿದರು. ಮಠದ ಹಿಂದಿನ ಗುರು ಅಟವಿ ಶಿವಯೋಗಿಗಳು ಹಚ್ಚಿದ ಒಲೆ ಇಂದಿಗೂ ಆರಿಲ್ಲ ಎಂಬುದು ಅಲ್ಲಿಯವರ ನಂಬಿಕೆ. ಆರಲು ಪುರುಸೊತ್ತಾದರೂ ಎಲ್ಲಿ? ಮಕ್ಕಳ ಸಂಖ್ಯೆ ನೂರರಿಂದ ಸಾವಿರಕ್ಕೆ, ಸಾವಿರದಿಂದ ಸುಮಾರು ಹತ್ತು ಸಾವಿರಕ್ಕೆ ಏರಿತು. ಎಲ್ಲ ಜಾತಿಯ, ಎಲ್ಲ ಧರ್ಮದ ಮಕ್ಕಳೂ ಬಂದರು. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಸೇರಿಸಿ ತ್ರಿವಿಧ ದಾಸೋಹ ಎಂದರು. ವಾರಾನ್ನದಲ್ಲಿ ಹುಡುಗನಿಗೆ ಕೊಟ್ಟವರ ಮುಖ ಗೊತ್ತು, ಕೊಟ್ಟವರಿಗೂ ಹುಡುಗನ ಮುಖ ಗೊತ್ತು. ದಾಸೋಹದಲ್ಲಿ ಒಂದು ಮೂಟೆ ರಾಗಿ ಕೊಟ್ಟ ಕುಣಿಗಲ್ ಕಡೆಯ ರೈತನಿಗೆ ತನ್ನ ರಾಗಿಯ ಮುದ್ದೆ ಯಾವ ಹುಡುಗನ ತಟ್ಟೆಗೆ ಬಿತ್ತು ಎಂಬುದು ಗೊತ್ತಾಗುವುದೇ ಇಲ್ಲ. ಉಣ್ಣುವವನು ಯಾರ ಮುಖವನ್ನೂ ನೋಡಿ ಸಾರು ಕೇಳಬೇಕಿಲ್ಲ. ನನ್ನ ದೃಷ್ಟಿಯಲ್ಲಿ ಈ ನೂರು ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಇದು.

2019ರ ಜನವರಿ 21ರಂದು ಸ್ವಾಮಿಗಳು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಉಸಿರು ನಿಂತದ್ದು ಮಧ್ಯಾಹ್ನಕ್ಕೆ ಮುಂಚೆ. ಮಕ್ಕಳ ಊಟ ಮುಗಿಯುವವರೆಗೆ ಸುದ್ದಿ ಹೇಳಬೇಡಿ ಎಂದು ಅವರು ಮೊದಲೇ ತಿಳಿಸಿದ್ದರಂತೆ. ಪ್ರಸಾದ ಮುಗಿದ ಮೇಲೆಯೇ ಪ್ರಕಟಣೆ ಹೊರಬಿತ್ತು.

ಗದಗಿನ ಕಥೆಯ ರುಚಿಯೇ ಬೇರೆ. ಹಾನಗಲ್ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ಸ್ವತಃ ಅಂಧರು. ಅಂಧ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಸಂಗೀತ ಕಲಿಸಿದರು. ಆ ಸಂಸಾರವೇ ಮುಂದೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಮಕ್ಕಳ ಊಟಕ್ಕೆ ದುಡ್ಡು ಸಾಲದಾದಾಗ ಅವರು ನಾಟಕ ಕಂಪನಿ ಕಟ್ಟಿದರು. ಟಿಕೆಟ್ ಕೊಂಡು ನಾಟಕ ನೋಡಿ ನಕ್ಕವನಿಗೆ ತಾನು ದಾನ ಮಾಡಿದೆ ಎಂಬ ಅರಿವೂ ಇರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಕಾಲಕ್ಕೆ ತುಲಾಭಾರ ಬಂತು. ಭಕ್ತರು ಊರೂರಲ್ಲಿ ತಕ್ಕಡಿ ನಿಲ್ಲಿಸಿ ಒಂದು ತಟ್ಟೆಯಲ್ಲಿ ಗವಾಯಿಗಳನ್ನು ಕೂರಿಸಿ ಇನ್ನೊಂದರಲ್ಲಿ ನಾಣ್ಯ ಸುರಿದರು. ಬಂದದ್ದೆಲ್ಲ ಆಶ್ರಮದ ಒಲೆಗೆ. ಹಾಗೆ ಉಂಡು ಹಾಡು ಕಲಿತವರು ಇವತ್ತು ನಾಡಿನ ತುಂಬ ಇದ್ದಾರೆ.

ಮಠದ ಪ್ರಸಾದನಿಲಯ, ಸಂಘದ ಹಾಸ್ಟೆಲ್ ಎನ್ನುವ ಈ ಹೊಗಳಿಕೆಯ ಪಂಕ್ತಿಯ ಹೊರಗೆ ನಿಂತವರೂ ಇದ್ದರು. ಬಹುಪಾಲು ನಿಲಯಗಳು ಗಂಡುಹುಡುಗರವು. ಹೆಚ್ಚಿನವು ಒಂದೊಂದು ಜಾತಿಯ ಹಣದಿಂದ ಆ ಜಾತಿಗೇ ಕಟ್ಟಿದವು. ದಲಿತ ಮಕ್ಕಳಿಗೆ ಯಾವ ಸಮಾಜದ ಶ್ರೀಮಂತರೂ ಛತ್ರ ಬರೆದಿಡಲಿಲ್ಲ. ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು 1892ರಲ್ಲಿ ಆ ಮಕ್ಕಳಿಗಾಗಿ ಶಾಲೆ ತೆರೆದಾಗ ಅವರ ಸ್ವಂತ ಸಾರಸ್ವತ ಸಮಾಜವೇ ಬಹಿಷ್ಕಾರ ಹಾಕಿತು. ಅವರು ಹಿಂದೆಗೆಯಲಿಲ್ಲ, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ದಲಿತ ಹುಡುಗ ಓದಿ ಸರ್ಕಾರಿ ಕೆಲಸಕ್ಕೆ ಸೇರಿ ಊರ ರಸ್ತೆಯಲ್ಲಿ ಕಾರು ಓಡಿಸುವಂತಾಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಅವರ ಸಮಾಧಿಯ ಮೇಲೆ ಆ ಆಸೆಯನ್ನೇ ಕೆತ್ತಿದ್ದಾರೆ. ಪುಣ್ಯ ಬೇಡಿದ ದಾನಿಗಳು ಬಹಳ ಮಂದಿ, ಧೂಳು ಬೇಡಿದವರು ಇವರೊಬ್ಬರೇ ಇರಬೇಕು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮ ದಂಪತಿ ಹರಿಜನ ಬಾಲಿಕೆಯರಿಗಾಗಿ ಆಶ್ರಮ ನಡೆಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲ್ ತಲೆಮಾರುಗಳ ದಲಿತ ವಿದ್ಯಾರ್ಥಿಗಳಿಗೆ ನೆಲೆಯಾಯಿತು. ಅಲ್ಲಿದ್ದು ಓದಿದ ಕವಿ ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಆ ಬದುಕಿನ ಹಸಿವೂ ಗೊತ್ತು, ನಗೆಯೂ ಗೊತ್ತು.

ಸ್ವಾತಂತ್ರ್ಯದ ನಂತರದ ಮೂರು ನಾಲ್ಕು ದಶಕ ಸರ್ಕಾರಿ ಹಾಸ್ಟೆಲು, ಸ್ಕಾಲರ್‌ಶಿಪ್ಪುಗಳ ಕಾಲ. ದಾನ ಸ್ವಲ್ಪ ಹಿಂದಕ್ಕೆ ಸರಿಯಿತು. ನಮ್ಮೂರ ಪ್ರಾಥಮಿಕ ಶಾಲೆಯಲ್ಲಿ ಆ ಕಾಲದ ದಾನದ ಗುರುತು ಎಂದರೆ ಚಾವಣಿಯ ಫ್ಯಾನು. ಮೂರು ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ‘ಕೊಡುಗೆ’ ಎಂದು ಶುರುವಾಗುವ ಹೆಸರು. ಕರೆಂಟ್ ಇದ್ದಾಗ ಫ್ಯಾನು ತಿರುಗಿ ಹೆಸರು ಕಾಣುತ್ತಿರಲಿಲ್ಲ, ಕರೆಂಟ್ ಹೋದಾಗ ಬೆವರು ಒರೆಸಿಕೊಳ್ಳುತ್ತ ಎಲ್ಲರೂ ಓದುತ್ತಿದ್ದೆವು.

ಅನ್ನ ಮತ್ತೆ ನಡುಮನೆಗೆ ಬಂದದ್ದು 2000ದ ಹೊತ್ತಿಗೆ. ತಮಿಳುನಾಡು 1982ರಿಂದಲೇ ಶಾಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಊಟ ಹಾಕುತ್ತಿತ್ತು. ಬೆಂಗಳೂರಿನಲ್ಲಿ 2000ದ ಜೂನ್‌ನಲ್ಲಿ ಇಸ್ಕಾನ್‌ನವರ ಅಕ್ಷಯ ಪಾತ್ರ ಸಂಸ್ಥೆ 5 ಶಾಲೆಗಳ 1,500 ಮಕ್ಕಳಿಗೆ ಬಡಿಸಲು ಆರಂಭಿಸಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. 2002ರಲ್ಲಿ ಕರ್ನಾಟಕ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಶುರುಮಾಡಿ ಅದಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟಿತು. ಮಠದ ಮಾತು ಸರ್ಕಾರಿ ಕಡತಕ್ಕೆ ಹೀಗೆ ಸದ್ದಿಲ್ಲದೆ ಬಂದು ಕೂತಿತು. ಭಕ್ತಿಯಿಂದ ಕೊಡುತ್ತಿದ್ದದ್ದು ಮಗುವಿನ ಹಕ್ಕಾಯಿತು. ಹಕ್ಕಾದ ಮೇಲೂ ಬಡಿಸುವ ಕೆಲಸವನ್ನು ಹಲವು ಕಡೆ ದಾನಿ ಸಂಸ್ಥೆಗಳಿಗೇ ವಹಿಸಿದರು. ಉಗಿಯಲ್ಲಿ ಅನ್ನ ಬೇಯಿಸುವ ಭಾರಿ ಅಡುಗೆಮನೆ, ಬೆಳಗಿನ ಜಾವ ಹೊರಡುವ ವ್ಯಾನುಗಳು, ಸ್ಟೀಲ್ ಡಬ್ಬಿಗಳು. ಊಟ ಶುಚಿ, ಹೊತ್ತಿಗೆ ಸರಿಯಾಗಿ ಬರುತ್ತದೆ. ಆದರೆ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಮನೆಯಲ್ಲಿ ಬೆಳ್ಳುಳ್ಳಿ ಖಾರ ತಿನ್ನುವ ಮಗುವಿನ ತಟ್ಟೆಗೆ ಕೊಡುವವರ ಪಥ್ಯ ಯಾಕೆ ಬೀಳಬೇಕು ಎಂದು ಆಹಾರದ ಹಕ್ಕಿನವರು ಕೇಳಿದರು. ನನಗೂ ಅವರು ಕೇಳಿದ್ದು ಸರಿ ಎಂದೇ ಅನಿಸುತ್ತದೆ. ಉಣ್ಣುವವನ ನಾಲಗೆಯನ್ನು ಕೇಳದೆ ಬಡಿಸಿದ ಅನ್ನದಲ್ಲಿ ವಾರದ ಮನೆಯ ವಾಸನೆ ಇನ್ನೂ ಇದೆ.

ಮುಂದಿನ ಸರದಿ ಕಂಪನಿಗಳದು. ಕಂಪನಿ ಕಾಯ್ದೆಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಯಮ 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಾಲೆಗಳಿಗೆ ಶೌಚಾಲಯ, ಬೆಂಚು, ಕಂಪ್ಯೂಟರ್ ಬಂದವು. ಜೊತೆಗೆ ಫೋಟೊ ಕೂಡ ಬಂತು. ಕೆಲವು ವರ್ಷದ ಹಿಂದೆ ಹಳ್ಳಿ ಶಾಲೆಯೊಂದರಲ್ಲಿ ಬ್ಯಾಗ್ ಹಂಚುವ ಕಾರ್ಯಕ್ರಮಕ್ಕೆ ಹೋಗಿದ್ದೆ. ಹತ್ತು ಗಂಟೆಗೆ ಕೂರಿಸಿದ ಮಕ್ಕಳ ಮುಂದೆ ಅತಿಥಿಗಳು ಬಂದಿಳಿದದ್ದು ಹನ್ನೆರಡೂವರೆಗೆ. ಬ್ಯಾಗನ್ನು ಎದೆಗೆ ಹಿಡಿದುಕೊಳ್ಳಿ, ಕಂಪನಿಯ ಗುರುತು ಕಾಣಬೇಕು ಎಂದು ಒಬ್ಬರು ಹೇಳುತ್ತಲೇ ಇದ್ದರು. ಎರಡನೇ ಸಾಲಿನ ಹುಡುಗಿಯೊಬ್ಬಳು ಬ್ಯಾಗಿನ ಜಿಪ್ಪು ಎಳೆದು ಒಳಗೆ ಏನಾದರೂ ಇದೆಯೇ ಎಂದು ನೋಡಿ ಮತ್ತೆ ಮುಚ್ಚಿದಳು. ಅಡುಗೆಮನೆಯಲ್ಲಿ ಸಾರು ಆರುತ್ತಿತ್ತು.

ಉದ್ಯಮದಿಂದ ಬಂದ ಹಣವೆಲ್ಲ ಹೀಗೇ ಎಂದರೆ ತಪ್ಪಾದೀತು. ಇದಕ್ಕೆ ಮೊಟ್ಟೆಯ ಪ್ರಸಂಗವೇ ಸಾಕ್ಷಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ದಾಸೋಹ ಎಂಬ ಮಾತು ಕೊಟ್ಟವರೇ ದಾಸೋಹದ ತಟ್ಟೆಗೆ ಗೆರೆ ಎಳೆಯಲು ಬಂದಿದ್ದರು. ಅದಕ್ಕೆ ಉತ್ತರ ಕೊಟ್ಟವಳು ಕೊಪ್ಪಳ ಜಿಲ್ಲೆಯ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ. ನಮಗೆ ಮೊಟ್ಟೆ ಬೇಕು, ತಡೆದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಎಂಬರ್ಥದ ಅವಳ ಮಾತು ನಾಡಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ನೂರು ವರ್ಷ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ ಮಗು ಮೊದಲ ಸಲ ತಲೆಯೆತ್ತಿ ಬಾಯಿಬಿಟ್ಟು ಕೇಳಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಈ ಮೊಟ್ಟೆಗಾಗಿ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿಕೊಂಡಿತು. ವಾರಕ್ಕೆ ಎರಡು ದಿನವಿದ್ದ ಮೊಟ್ಟೆ ಆರು ದಿನವಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಒಂದು ಮೊಟ್ಟೆಯ ಆಗಿನ ಲೆಕ್ಕದಲ್ಲಿ ಕೊಳ್ಳುವ ಬೆಲೆ ಬೇರೆ, ಬೇಯಿಸುವ ಗ್ಯಾಸ್ ಬೇರೆ, ಸುಲಿಯುವ ಕೂಲಿ 30 ಪೈಸೆ ಬೇರೆ. ಕೋಟಿಗಳ ದಾನ ಕೊನೆಗೆ ಬಂದು ಮುಟ್ಟುವುದು ಅಡುಗೆಯವರ ಉಗುರಿನ ತುದಿಗೆ.

ಅದೇ ಕೊಪ್ಪಳ ಜಿಲ್ಲೆಯ ಕುಣಿಕೇರಿಯಲ್ಲಿ ಹುಚ್ಚಮ್ಮ ಎಂಬ ಮಕ್ಕಳಿಲ್ಲದ ಹೆಣ್ಣುಮಗಳು ತನ್ನ ಎರಡು ಎಕರೆ ಜಮೀನನ್ನು ಊರ ಸರ್ಕಾರಿ ಶಾಲೆಗೆ ಬರೆದುಕೊಟ್ಟಳು. ಸುತ್ತ ಕಾರ್ಖಾನೆಗಳು ಎದ್ದು ಆ ನೆಲದ ಬೆಲೆ ಏರಿತು. ಶಾಲೆಗೆ ಕೊಟ್ಟದ್ದನ್ನು ಅವಳು ತಿರುಗಿ ಕೇಳಲಿಲ್ಲ. ಕೇಳಿದ್ದು ಆ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸವನ್ನು. ಊರಿನ ಮಕ್ಕಳು ಅವಳನ್ನು ಕರೆಯುವುದು ಅಜ್ಜಿ ಎಂದು, ಕೇಳುವುದು ಇನ್ನೊಂದು ಸೌಟು ಸಾರು.